ಬಾರ್ತ್ ಸಿಂಡ್ರೋಮ್ ಶಂಕೆಯಿದ್ದಾಗ ತಾಯಿಯ ಕಡೆಯ ವಂಶಾವಳಿ ಬರೆಯುವ ಕ್ರಮ

ಹಸುಳೆ ಗಂಡುಮಗುವಿನ ಹೃದಯ ಹಿಗ್ಗಿ ದುರ್ಬಲಗೊಂಡಿದೆ ಎಂದು ಎಕೋ ಪರೀಕ್ಷೆಯಲ್ಲಿ ಗೊತ್ತಾದಾಗ, ಮನೆಯ ಹೆಣ್ಣುಮಕ್ಕಳೆಲ್ಲ ಚೆನ್ನಾಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಇದು ವಂಶದ ಕಾಯಿಲೆಯಲ್ಲ ಎಂದು ತೀರ್ಮಾನಿಸಬಾರದು. ನೆದರ್‌ಲ್ಯಾಂಡ್ಸ್‌ನ ವೈದ್ಯ ಪೀಟರ್ ಬಾರ್ತ್ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದ ಬಾರ್ತ್ ಸಿಂಡ್ರೋಮ್‌ನಲ್ಲಿ, ಎಕ್ಸ್ ವರ್ಣತಂತುವಿನ ಮೇಲಿರುವ ಟಫಾಜಿನ್ ಎಂಬ ಜೀನ್ ಕೆಟ್ಟಿರುವುದರಿಂದ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಒಳಪೊರೆಗೆ ಬೇಕಾದ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನಂಶ ಸರಿಯಾಗಿ ರೂಪುಗೊಳ್ಳದೆ ಹೃದಯದ ಸ್ನಾಯುವಿಗೆ ಶಕ್ತಿ ಸಾಲದಾಗುತ್ತದೆ. ಗಂಡಿಗಿರುವುದು ಒಂದೇ ಎಕ್ಸ್. ಹೆಣ್ಣಿಗೆ ಎರಡಿರುವುದರಿಂದ, ಕೆಟ್ಟ ಜೀನ್ ಹೊತ್ತ ತಾಯಿ, ಅಂದರೆ ವಾಹಕಳು, ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲದೆ ಬಾಳುತ್ತಾಳೆ. ಹೆಣ್ಣುಮಕ್ಕಳಲ್ಲಿ ಕಾಯಿಲೆ ಕಾಣಿಸಿಕೊಂಡಿರುವುದು ತೀರಾ ಅಪರೂಪ.

ಆದ್ದರಿಂದ ವೈದ್ಯರ ಬಳಿಗೆ ಹೋಗುವ ಮೊದಲು ತಾಯಿಯ ಕಡೆಯ ಮೂರು ತಲೆಮಾರನ್ನು ಕಾಗದದ ಮೇಲೆ ಬರೆಯಿರಿ: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ತೀರಿಕೊಂಡವರಿಗೆ ಅಡ್ಡಗೆರೆ. ಹೆಸರಿಡುವ ಮೊದಲೇ ಹೋದ ಕೂಸುಗಳನ್ನೂ, ಹುಟ್ಟುವ ಮುನ್ನವೇ ಕಳೆದುಹೋದ ಗಂಡುಶಿಶುಗಳನ್ನೂ ಬಿಡಬೇಡಿ, ಏಕೆಂದರೆ ಈ ಕಾಯಿಲೆ ಗರ್ಭದಲ್ಲಿಯೂ ಪ್ರಾಣ ತೆಗೆಯಬಲ್ಲದು. ಅಜ್ಜಿಯನ್ನು ಕೇಳುವಾಗ ಕಾಯಿಲೆಯ ಹೆಸರು ಕೇಳುವುದಕ್ಕಿಂತ, ಮಗು ಹಾಲು ಕುಡಿಯುವಾಗ ಬೆವರಿ ಸುಸ್ತಾಗುತ್ತಿತ್ತೇ, ಪದೇ ಪದೇ ಜ್ವರ ಬರುತ್ತಿತ್ತೇ, ಬಾಯಿಹುಣ್ಣಾಗುತ್ತಿತ್ತೇ ಎಂದು ಕೇಳಿದರೆ ಉಪಯೋಗವಾಗುತ್ತದೆ. ಇಂಥ ಸಾವುಗಳ ನೋವನ್ನು ಕೆದಕುವುದು ಕಷ್ಟವೇ, ಆದರೂ ಮುಂದೆ ಹುಟ್ಟುವ ಮಗುವಿಗಾಗಿ ಕೇಳಲೇಬೇಕು.

ನಮ್ಮ ಕಡೆ ಸೋದರಮಾವನನ್ನು ಮದುವೆಯಾದ ಮನೆಗಳಲ್ಲಿ ತಪ್ಪನ್ನೆಲ್ಲ ಸಂಬಂಧದ ಮೇಲೆ ಹೊರಿಸುವುದುಂಟು. ಇಲ್ಲಿ ಆ ಲೆಕ್ಕ ಹೊಂದುವುದಿಲ್ಲ: ಕಾಯಿಲೆಯಿಲ್ಲದ ಸೋದರಮಾವನ ಎಕ್ಸ್ ಸರಿಯಾಗಿಯೇ ಇರುತ್ತದೆ. ವಾಹಕಳಾದ ತಾಯಿಯ ಪ್ರತಿ ಗಂಡುಮಗುವಿಗೆ ಕಾಯಿಲೆ ಬರುವ, ಪ್ರತಿ ಹೆಣ್ಣುಮಗು ವಾಹಕಳಾಗುವ ಸಂಭವ ಶೇಕಡಾ 50. ಕಾಯಿಲೆಯಿರುವ ಗಂಡಸಿನ ಗಂಡುಮಕ್ಕಳಿಗೆ ಅದು ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕರು. ವಂಶಾವಳಿಯಲ್ಲಿ ಹೆಣ್ಣುಮಕ್ಕಳಿಗೂ ಹೃದಯದ ತೊಂದರೆ, ಜೊತೆಗೆ ಸಕ್ಕರೆ ಕಾಯಿಲೆ, ಕಿವುಡು ಕಂಡುಬಂದರೆ ಮಾತ್ರ ದಾರಿ ಬೇರೆ. ಮೈಟೊಕಾಂಡ್ರಿಯಾದ ಸ್ವಂತ ಡಿಎನ್‌ಎಯ ದೋಷ ತಾಯಿಯಿಂದ ಗಂಡು ಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ಬರಬಲ್ಲದು.

ಕಾಗದವನ್ನು ಮಕ್ಕಳ ಹೃದ್ರೋಗ ತಜ್ಞರಿಗೂ ಅನುವಂಶೀಯ ಕಾಯಿಲೆಗಳ ತಜ್ಞರಿಗೂ ತೋರಿಸಿ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳ ಎಣಿಕೆ ಏರಿಳಿಯುವುದರಿಂದ ಒಮ್ಮೆ ಸರಿಯಿದ್ದರೂ ಮತ್ತೆ ಮಾಡಿಸಬೇಕಾಗುತ್ತದೆ. ಮೂತ್ರದಲ್ಲಿನ ಸಾವಯವ ಆಮ್ಲಗಳ ಪರೀಕ್ಷೆಯೂ ಕೆಲವೊಮ್ಮೆ ಕಾಯಿಲೆಯನ್ನು ತೋರಿಸುವುದಿಲ್ಲ. ಕಾರ್ಡಿಯೊಲಿಪಿನ್ ಪರೀಕ್ಷೆ ಮತ್ತು ಜೀನ್ ಪರೀಕ್ಷೆಗಳೇ ಖಚಿತ. ಮಗುವಿನಲ್ಲಿ ದೋಷ ಸಿಕ್ಕಿದ ಮೇಲೆ ತಾಯಿಯನ್ನು ಪರೀಕ್ಷಿಸಬೇಕು, ಏಕೆಂದರೆ ಕೆಲವು ಮಕ್ಕಳಲ್ಲಿ ಅದು ಹೊಸದಾಗಿಯೂ ಹುಟ್ಟಿರುತ್ತದೆ. ತಾಯಿ ವಾಹಕಳಾಗಿದ್ದರೆ ಚಿಕ್ಕಮ್ಮ, ದೊಡ್ಡಮ್ಮಂದಿರಿಗೂ ತಿಳಿಸಿ, ಅವರಲ್ಲಿ ಯಾರಾದರೂ ಬಸುರಿಯಾಗಿದ್ದರೆ ಅಂದೇ ತಿಳಿಸಿ.

ಕಾಯಿಲೆ ಖಚಿತವಾದ ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಭೇದಿಯಾದಾಗಲೂ ಅಷ್ಟೇ ತುರ್ತು, ಪೊಟ್ಯಾಸಿಯಂ ಏರುಪೇರಾಗಿ ಹೃದಯದ ಬಡಿತ ಕೆಡಬಹುದು. ಇದನ್ನು ತಜ್ಞರಿಂದ ಪತ್ರದಲ್ಲಿ ಬರೆಸಿ ಮಗುವಿನ ಫೈಲಿನಲ್ಲಿಡಿ.