ಬೀಚಿಗೆ ಹೋಗುವಾಗ ಮುಟ್ಟಾಳೆ ಯಾರ ತಲೆ ಮೇಲೆ?

ರಜೆ ಬಂತೆಂದರೆ ಸುರತ್ಕಲ್‌ನ ನಮ್ಮ ಮನೆಗೆ ಘಟ್ಟದ ಮೇಲಿನ ನೆಂಟರು ಬರುತ್ತಾರೆ. ಬ್ಯಾಗ್ ಕೆಳಗಿಡುವ ಮೊದಲೇ ಮಕ್ಕಳದ್ದು ಒಂದೇ ಹಠ, ಬೀಚ್. ಹೋಗುವ, ಬೇಡ ಅನ್ನುವುದಿಲ್ಲ. ಆದರೆ ಮೂರು ವರ್ಷದ ಹಿಂದೆ ಮಲ್ಪೆಯಲ್ಲಿ ಅಕ್ಕನ ಮಗಳು ಹತ್ತು ನಿಮಿಷ ಕಾಣೆಯಾಗಿದ್ದಳು, ಆಗ ಅವಳಿಗೆ ಆರು ವರ್ಷ. ನಾವು ದೊಡ್ಡವರೇ ಒಂಬತ್ತು ಜನ ಇದ್ದೆವು ಮಾರಾಯ್ರೇ! ಅಕ್ಕ ನೋಡುತ್ತಿದ್ದಾಳೆ ಅಂತ ಭಾವ, ನಾನು ನೋಡುತ್ತಿದ್ದೇನೆ ಅಂತ ಅಕ್ಕ, ನಾನು ಚುರುಮುರಿಯವನಿಗೆ ಚಿಲ್ಲರೆ ಹುಡುಕುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಅದೇ ಚುರುಮುರಿ ಗಾಡಿಯ ಹಿಂದೆ, ಒಂದು ನಾಯಿಮರಿಯ ಜೊತೆ.

ಅವತ್ತಿನಿಂದ ನಮ್ಮಲ್ಲಿ ಒಂದು ಪದ್ಧತಿ. ತೋಟಕ್ಕೆ ಹೋಗುವಾಗ ಹಾಕುವ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೋಪಿ, ಒಂದನ್ನು ಕಾರಿನಲ್ಲಿ ಇಟ್ಟುಕೊಳ್ಳುತ್ತೇವೆ. ಅದು ಯಾರ ತಲೆ ಮೇಲಿದೆಯೋ ಅವರು ಮಕ್ಕಳನ್ನು ನೋಡಬೇಕು, ಅಷ್ಟೇ ಕೆಲಸ. ಮೊಬೈಲ್ ಇಲ್ಲ, ಫೋಟೋ ಇಲ್ಲ, ಹರಟೆಯೂ ಇಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಟೋಪಿ ಬದಲು, ಅದೂ "ಈಗ ನಿಂದು" ಅಂತ ಬಾಯಿಬಿಟ್ಟು ಹೇಳಿ. ಯಾಕಿಷ್ಟು ಅಂದರೆ, ಮುಳುಗುವವರು ಸಿನಿಮಾದ ಹಾಗೆ ಕೈ ಬೀಸಿ ಕೂಗುವುದು ಕಡಿಮೆ. ಉಸಿರಾಡುವುದಕ್ಕೇ ಪುರುಸೊತ್ತಿಲ್ಲದಿರುವಾಗ ಕೂಗುವುದೆಲ್ಲಿಂದ? ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಸದ್ದೇ ಇಲ್ಲ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ಮೊದಲು ಓಡಿ.

ಎಲ್ಲಿಗೆ ಹೋಗಬೇಕು? ಪಣಂಬೂರು, ಮಲ್ಪೆಯಂತೆ ಜೀವರಕ್ಷಕರು ಇರುವ ಕಡೆಗೆ. ಹೋದ ಕೂಡಲೇ ಅವರನ್ನೇ ಕೇಳಿ, ಇವತ್ತು ಎಲ್ಲಿ ಇಳಿಯಬಹುದು ಅಂತ. ಸೋಮೇಶ್ವರದ ರುದ್ರಪಾದೆ ದೂರದಿಂದ ನೋಡಲು ಚಂದ, ಪಾಚಿ ಕಟ್ಟಿದ ಬಂಡೆ ಮೇಲೆ ಸೆಲ್ಫಿ ಬೇಡ. ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಂತೂ ಇಳಿಯಲೇಬೇಡಿ, ಸಸಿಹಿತ್ಲು ಇರಲಿ, ಕೋಡಿ ಬೆಂಗ್ರೆ ಇರಲಿ. ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ, ಅಂದರೆ ದಡದಿಂದ ದೂರ ಕಡಲಿನ ಕಡೆಗೆ, ಎಳೆಯುತ್ತವೆ. ಇನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಲ. ಮರಳ ಮೇಲೆ ನಿಂತು ನೋಡಿ, ಬೊಂಡ ಕುಡಿದು ಬನ್ನಿ. ಸೇಂಟ್ ಮೇರೀಸ್ ದ್ವೀಪದ ಬೋಟುಗಳೇ ಆಗ ನಿಲ್ಲುತ್ತವೆ, ನಮ್ಮದೇನು?

ಎಲ್ಲಕ್ಕಿಂತ ಜಾಸ್ತಿ ಜನ ಮೋಸ ಹೋಗುವುದು ನೀರಿನ ಸೆಳೆತಕ್ಕೆ. ದಡಕ್ಕೆ ಬಂದ ತೆರೆಯ ನೀರು ವಾಪಸ್ ಹೋಗಬೇಕಲ್ವಾ, ಅದು ಒಂದು ಓಣಿ ಮಾಡಿಕೊಂಡು ಹೋಗುತ್ತದೆ. ಆ ಓಣಿ ಸ್ವಲ್ಪ ಆಳ, ಅಲ್ಲಿ ತೆರೆ ಒಡೆಯುವುದು ಕಡಿಮೆ. ಹಾಗಾಗಿ ಎರಡೂ ಬದಿ ಬಿಳಿ ನೊರೆ, ನಡುವೆ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುತ್ತದೆ, ನೊರೆ ಕಸ ಎಲ್ಲ ಹೊರಗೆ ಹೋಗುತ್ತಿರುತ್ತದೆ. "ಇಲ್ಲಿ ತೆರೆ ಇಲ್ಲ, ಮಕ್ಕಳಿಗೆ ಒಳ್ಳೆಯದು" ಅಂತ ನಮ್ಮವರು ಸರಿಯಾಗಿ ಅಲ್ಲಿಯೇ ಇಳಿಸುವುದು! ಐದು ನಿಮಿಷ ಎತ್ತರದಲ್ಲಿ ನಿಂತು ನೀರು ನೋಡಿ, ಆಮೇಲೆ ಜಾಗ ಆರಿಸಿ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ತೇಲಿ, ಕೈ ಎತ್ತಿ ತೋರಿಸಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಇರುವ ಕಡೆಗೆ ಈಜಿ. ಸೆಳೆತ ಹೊರಗೆ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ.

ಮಕ್ಕಳಿಗೆ ಮೊಣಕಾಲಿನ ತನಕ ಅಂದರೆ ಅವರ ಮೊಣಕಾಲು, ನಿಮ್ಮದಲ್ಲ. ಒಂದು ತೆರೆ ವಾಪಸ್ ಹೋಗುವಾಗ ಕಾಲಡಿಯ ಹೊಯಿಗೆಯನ್ನೇ ಕಿತ್ತುಕೊಂಡು ಹೋಗುತ್ತದೆ, ಈಗ ಮೊಣಕಾಲಿದ್ದದ್ದು ಮರುಕ್ಷಣ ಸೊಂಟ. ಗಾಳಿ ತುಂಬಿದ ಟ್ಯೂಬ್ ನಂಬಬೇಡಿ, ದಡದ ಕಡೆಯಿಂದ ಗಾಳಿ ಬೀಸಿದರೆ ಮಗುವಿನ ಸಮೇತ ಹೊರಗೆ ಹೋಗುತ್ತದೆ. ಮಗುವಿನ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ.

ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಾರಬೇಡಿ. ಉಳಿಸಲು ಹೋದವರೂ ಹೋಗುವುದು ಪ್ರತಿ ವರ್ಷ ಪೇಪರ್‌ನಲ್ಲಿ ಓದುತ್ತೇವೆ. ಜೀವರಕ್ಷಕರನ್ನು ಕೂಗಿ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಹಗ್ಗ, ಏನಾದರೂ ಎಸೆಯಿರಿ, 112ಕ್ಕೆ ಫೋನ್ ಮಾಡಿ. ಹೊರಗೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಮಾಡಿ ತಿರುಗಿಸುವುದು ಬೇಡವೇ ಬೇಡ, ಅದರಿಂದ ಹೊತ್ತು ಹಾಳು. ಉಸಿರಿಲ್ಲದಿದ್ದರೆ ಗೊತ್ತಿರುವವರು ಬಾಯಿಗೆ ಉಸಿರು ಕೊಡಬೇಕು, 30 ಸಲ ಎದೆ ಒತ್ತಿ 2 ಸಲ ಉಸಿರು, ಆಂಬುಲೆನ್ಸ್ ಬರುವ ತನಕ. ಅದರ ನಂಬರ್ 108. ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ, ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆ ಬಿಟ್ಟು ತೊಂದರೆ ಕೊಡಬಹುದು.

ಸೆಕೆ, ಬಿಸಿಲಿನ ವಿಷಯ ನಿಮಗೆ ಗೊತ್ತಿರುವುದೇ: 11ರಿಂದ 3ರ ತನಕ ನೆರಳಲ್ಲಿರಿ, ನೀರು ಕುಡಿಸುತ್ತಿರಿ. ದಡಕ್ಕೆ ಬಿದ್ದ ಲೋಳೆಯ ಜೆಲ್ಲಿಫಿಶ್ ಸತ್ತಿದ್ದರೂ ಮುಟ್ಟಿದರೆ ಉರಿ. ತಾಗಿದರೆ ಸಮುದ್ರದ ನೀರಿನಿಂದಲೇ ತೊಳೆಯಿರಿ.

ಇನ್ನು ಹೊರಡುವ ಹೊತ್ತು. ದೊಡ್ಡವರೆಲ್ಲ ಚಾಪೆ ಕೊಡವುತ್ತಾ, ಚಪ್ಪಲಿ ಹುಡುಕುತ್ತಾ ಇರುತ್ತಾರೆ, ಸೂರ್ಯ ಮುಳುಗಿರುತ್ತದೆ, "ಇನ್ನೊಂದೇ ಸಲ" ಅಂತ ಒಂದು ಮಗು ನೀರಿಗೆ ಓಡುವುದು ಆಗಲೇ. ಅದಕ್ಕೇ ನಮ್ಮಲ್ಲಿ ಮುಟ್ಟಾಳೆಯವರು ಕಾರಿನಲ್ಲಿ ತಲೆ ಎಣಿಸಿದ ಮೇಲೆಯೇ ಅದನ್ನು ತೆಗೆಯುವುದು. ಹೋದ ಸಲ ಎಣಿಸಿದ್ದು ಅಕ್ಕನ ಮಗಳೇ, ನನ್ನನ್ನು ಎರಡು ಸಲ ಎಣಿಸಿದಳು.