ಹೈಕೋರ್ಟ್ ಜಡ್ಜ್ ನೇಮಕದ ಫೈಲು ಎಲ್ಲಿದೆ? ತಿಳಿಯುವುದು ಹೀಗೆ

‘ಹೈಕೋರ್ಟ್‌ಗೆ ಹೊಸ ನ್ಯಾಯಮೂರ್ತಿಗಳು: ಕೊಲಿಜಿಯಂ ಶಿಫಾರಸು’ ಎಂಬ ಸುದ್ದಿ ಬಂದ ಕೂಡಲೇ ನೇಮಕ ಆಗೇಬಿಟ್ಟಿತು ಅಂದುಕೊಳ್ಳುವವರು ಜಾಸ್ತಿ. ಕೊಲಿಜಿಯಂ ಎಂದರೆ ಜಡ್ಜ್ ಹುದ್ದೆಗೆ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಗುಂಪು. ಅದು ಶಿಫಾರಸು ಮಾಡಿದಾಗ ಅಸಲಿಗೆ ಫೈಲು ಇನ್ನೂ ದೆಹಲಿಯಲ್ಲೇ ಇರುತ್ತದೆ. ಸರ್ಕಾರದ ಮೇಲಿನ ಕೇಸು ಕೇಳುವವರನ್ನು ಯಾರು ಆರಿಸುತ್ತಾರೆ ಎಂಬುದು ನಮಗೆ ಗೊತ್ತಿರಬೇಕು ಅಲ್ವಾ? ಫೈಲಿನ ಜಾಡು ಹಿಡಿಯೋಣ.

ಹಂತ 1: ಶಿಫಾರಸು ಯಾರದು ನೋಡಿ

ಕೊಲಿಜಿಯಂ ಎರಡಿವೆ. ಮೊದಲು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮತ್ತು ಇಬ್ಬರು ಹಿರಿಯರು ಹೆಸರು ಆರಿಸುತ್ತಾರೆ. ವಕೀಲರಾದರೆ ಹೈಕೋರ್ಟಿನಲ್ಲಿ 10 ವರ್ಷ ಪ್ರಾಕ್ಟೀಸ್ ಆಗಿರಬೇಕು. ಈ ಪಟ್ಟಿಗೆ ಮುಖ್ಯಮಂತ್ರಿ, ರಾಜ್ಯಪಾಲರ ಅಭಿಪ್ರಾಯ ಸೇರುತ್ತದೆ. ಕೇಂದ್ರ ಕಾನೂನು ಸಚಿವಾಲಯ ಗುಪ್ತಚರ ದಳದ ವರದಿ ತರಿಸುತ್ತದೆ. ಆಮೇಲೆ ಎರಡನೇ ಕೊಲಿಜಿಯಂ, ಅಂದರೆ ಸುಪ್ರೀಂ ಕೋರ್ಟಿನ ಮೂವರು ಹಿರಿಯ ನ್ಯಾಯಮೂರ್ತಿಗಳು ಕೂತು ತೀರ್ಮಾನಿಸುತ್ತಾರೆ. ಅವರ ನಿರ್ಣಯಗಳನ್ನು 2017ರ ಅಕ್ಟೋಬರ್‌ನಿಂದ ಸುಪ್ರೀಂ ಕೋರ್ಟಿನ ವೆಬ್‌ಸೈಟಿಗೆ ಹಾಕತೊಡಗಿದರು. ಅಲ್ಲಿ ತಾರೀಕು ಬರೆದಿಟ್ಟುಕೊಳ್ಳಿ.

ಹಂತ 2: ದಿನ ಎಣಿಸಿ

ಕಸರತ್ತು ನಡೆಯುವುದೆಲ್ಲ ಇಲ್ಲೇ. ಶಿಫಾರಸು ತಲುಪಿದ ಮೇಲೆ ಕೇಂದ್ರ ಸರ್ಕಾರಕ್ಕೆ ಒಪ್ಪಿಗೆ ಇಲ್ಲದಿದ್ದರೆ ಕಾರಣ ಕೊಟ್ಟು ಹೆಸರನ್ನು ವಾಪಸ್ ಕಳಿಸಬಹುದು. ಕೊಲಿಜಿಯಂ ಅದೇ ಹೆಸರನ್ನು ಮತ್ತೆ ಕಳಿಸಿದರೆ ನೇಮಿಸಲೇಬೇಕು. 1993 ಮತ್ತು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆದರೆ ಸಹಿಯನ್ನೂ ಹಾಕದೆ, ವಾಪಸ್ಸೂ ಕಳಿಸದೆ ಸುಮ್ನೆ ಇಟ್ಟುಕೊಂಡರೆ? ಸಂವಿಧಾನದಲ್ಲಿ ಇದಕ್ಕೆ ಗಡುವಿಲ್ಲ. ಎರಡನೇ ಸಲ ಬಂದ ಹೆಸರಿಗೆ 3–4 ವಾರದೊಳಗೆ ನೇಮಕ ಆಗಬೇಕೆಂದು 2021ರ ಏಪ್ರಿಲ್‌ನಲ್ಲಿ ಕೋರ್ಟೇ ಹೇಳಿತು. ಅದನ್ನು ದಾಟಿ ಕೂತ ಫೈಲುಗಳೂ ಇವೆ.

ಒಂದೇ ಪಟ್ಟಿಯ ಕೆಲವರಿಗೆ ಮೊದಲು ಸಹಿ ಬಿದ್ದು, ಉಳಿದವರು ಕಾಯುತ್ತಿದ್ದಾರಾ ಎಂದೂ ನೋಡಿ. ತಡವಾಗಿ ಪ್ರಮಾಣ ಸ್ವೀಕರಿಸಿದವರು ಹಿರಿತನದಲ್ಲಿ ಹಿಂದೆ ಬೀಳುತ್ತಾರೆ. ಮುಂದೆ ಯಾರು ಮುಖ್ಯ ನ್ಯಾಯಮೂರ್ತಿ ಆಗುತ್ತಾರೆ ಎಂಬ ಲೆಕ್ಕವೇ ಅದರಿಂದ ಬದಲಾಗಬಹುದು.

ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಮುಚ್ಚಿದ ಬಾಗಿಲ ಹಿಂದಿನ ಆಯ್ಕೆ ನನಗೂ ಹಿಡಿಸದು. ಆದರೆ ಸರ್ಕಾರವೇ ಆರಿಸುತ್ತಿದ್ದ 1973 ನೆನಪಿಸಿಕೊಳ್ಳಿ. ಕಾಸರಗೋಡು ಬಳಿಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ್ದ ಕೇಸಿನ ತೀರ್ಪು ಬಂದದ್ದು ಏಪ್ರಿಲ್ 24ರಂದು. ಸಂಸತ್ತು ಸಂವಿಧಾನದ ಮೂಲ ಸ್ವರೂಪ ಕೆಡಿಸುವಂತಿಲ್ಲ ಎಂದಿತು ಕೋರ್ಟು. ಮರುದಿನವೇ ಸರ್ಕಾರ ಮೂವರು ಹಿರಿಯರನ್ನು ಬಿಟ್ಟು ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂದು ಘೋಷಿಸಿತು. ಮೂವರೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರು. ಅವರಲ್ಲೊಬ್ಬರು ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ. ಮೂವರೂ ರಾಜೀನಾಮೆ ಕೊಟ್ಟರು. ನೇಮಕದಲ್ಲಿ ಸರ್ಕಾರಕ್ಕೂ ಪಾಲು ಕೊಡುವ ಆಯೋಗದ ಕಾನೂನನ್ನು ಸುಪ್ರೀಂ ಕೋರ್ಟ್ 2015ರಲ್ಲಿ 4–1ರ ಬಹುಮತದಿಂದ ರದ್ದು ಮಾಡಿತು. ಅತಿ ಹೆಚ್ಚು ಕೇಸಿರುವ ಕಕ್ಷಿದಾರನೇ ಸರ್ಕಾರ. ಆರಿಸುವ ಪೆನ್ನು ಅದರ ಕೈಯಲ್ಲಿರುವುದು ಇನ್ನೂ ಅಪಾಯ ಎಂಬುದು ನನ್ನ ಅನಿಸಿಕೆ.

ಹಂತ 3: ಆದೇಶದಲ್ಲಿ ‘ಹೆಚ್ಚುವರಿ’ ಎಂದಿದೆಯಾ?

ರಾಷ್ಟ್ರಪತಿ ಸಹಿ ಹಾಕಿ, ರಾಜ್ಯಪಾಲರು ಪ್ರಮಾಣವಚನ ಬೋಧಿಸಿದರೆ ಕೆಲಸ ಶುರು. ಆದರೆ ಹೆಚ್ಚಿನವರು ಮೊದಲು ಬರುವುದು ಹೆಚ್ಚುವರಿ ನ್ಯಾಯಮೂರ್ತಿಯಾಗಿ, ಅದೂ ಹೆಚ್ಚೆಂದರೆ ಎರಡು ವರ್ಷಕ್ಕೆ. ಕಾಯಂ ಆಗಲು ಫೈಲು ಮತ್ತೆ ದೆಹಲಿಗೆ ಹೋಗಬೇಕು.

ಕಾಯಂ ಆದ ಮೇಲೆ 62 ವರ್ಷದವರೆಗೆ ಅಲುಗಾಡಿಸುವುದು ಕಷ್ಟ. ಸಂಬಳ ಶಾಸನಸಭೆಯ ಮತಕ್ಕೆ ಬರುವುದಿಲ್ಲ. ತೆಗೆಯಬೇಕೆಂದರೆ ಸಂಸತ್ತಿನ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲವೂ ಬೇಕು.

ಹಂತ 4: ಖಾಲಿ ಕುರ್ಚಿ ಎಣಿಸಿ

ಕರ್ನಾಟಕ ಹೈಕೋರ್ಟಿಗೆ ಮಂಜೂರಾದ ಹುದ್ದೆಗಳು 62. ಈಗ ಎಷ್ಟು ಮಂದಿ ಇದ್ದಾರೆ ಎಂಬ ಪಟ್ಟಿ ಕೇಂದ್ರ ನ್ಯಾಯಾಂಗ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರ ಪಕ್ಕ ನೀವು ಬರೆದಿಟ್ಟ ಕೊಲಿಜಿಯಂ ತಾರೀಕು ಇಟ್ಟು ನೋಡಿ. ಹೆಸರೇ ಹೋಗಿಲ್ಲವೋ, ಹೋದ ಹೆಸರು ದೆಹಲಿಯಲ್ಲಿ ಕೂತಿದೆಯೋ ಗೊತ್ತಾಗುತ್ತದೆ.