ಕೆಂಪು ಗಿಂಡಿ ಉರಿದಾಗ: ಆಯಿಲ್ ಪ್ರೆಶರ್ ಸ್ವಿಚ್ ಬದಲಿಸುವ ಬಗೆ

ಓಡುತ್ತಿರುವ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಣ್ಣೆಗಿಂಡಿ ಹೊತ್ತಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿ. ಎಂಜಿನ್ನಿನೊಳಗೆ ಆಯಿಲ್ ಒತ್ತಡ ಇಲ್ಲದಾಗ ಈ ದೀಪ ಹೊತ್ತಿಸುವುದೇ ಆಯಿಲ್ ಪ್ರೆಶರ್ ಸ್ವಿಚ್. "ಸ್ವಿಚ್ ಕೆಟ್ಟಿರುತ್ತದೆ, ಮನೆಯವರೆಗೆ ಓಡಿಸಿ, ಏನೂ ಆಗುವುದಿಲ್ಲ" ಎನ್ನುವವರು ಎಲ್ಲ ಬೀದಿಯಲ್ಲೂ ಸಿಗುತ್ತಾರೆ. ಅವರು ಹೇಳಿದ್ದು ನಿಜವೂ ಇರಬಹುದು. ಸುಳ್ಳಾದರೆ ಬೇರಿಂಗ್ ಹೋಗುವುದು ನಿಮ್ಮದು, ಅವರದಲ್ಲ. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ.

ನನ್ನದು ಹಳೆಯ ಮಾರುತಿ ಜೆನ್, 993 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್. ಇಂಥ ಕಾರುಗಳ ಸ್ವಿಚ್ಚಿಗೆ ಬರುವುದು ಒಂದೇ ತಂತಿ. ಅರ್ಥ್ (ಕರೆಂಟು ಮರಳುವ ದಾರಿ) ಸಿಗುವುದು ಎಂಜಿನ್ ಬ್ಲಾಕಿನಿಂದ. ಒತ್ತಡ ಇಲ್ಲದಾಗ ಒಳಗಿನ ಸಂಪರ್ಕ ಕೂಡಿಕೊಂಡು ದೀಪ ಉರಿಯುತ್ತದೆ, ಆಯಿಲ್ ಒತ್ತಿದೊಡನೆ ಬಿಟ್ಟುಕೊಳ್ಳುತ್ತದೆ.

ಕೀ ತಿರುಗಿಸಿ, ಎಂಜಿನ್ ಚಾಲೂ ಮಾಡದೆ, ಆ ತಂತಿಯನ್ನು ಕಿತ್ತು ನೋಡಿ. ದೀಪ ಆರಬೇಕು. ಆರದಿದ್ದರೆ ತಂತಿಯೇ ಎಲ್ಲೋ ಸವೆದು ಕಾರಿನ ಲೋಹದ ಮೈಗೆ ತಾಗುತ್ತಿದೆ, ಸ್ವಿಚ್ ನಿರಪರಾಧಿ. ಇನ್ನು ಕೀ ಹಾಕಿದರೂ ದೀಪ ಉರಿಯುವುದೇ ಇಲ್ಲ ಎಂದಾದರೆ ಕಿತ್ತ ತಂತಿಯನ್ನು ಬ್ಲಾಕಿಗೆ ತಾಗಿಸಿ; ಉರಿದರೆ ಬಲ್ಬು ಸರಿಯಿದೆ, ಸ್ವಿಚ್ ಕೆಟ್ಟಿದೆ. ತಂತಿಯ ತುದಿಯ ರಬ್ಬರ್ ಟೋಪಿಯೊಳಗೂ ಬೆರಳಿಟ್ಟು ನೋಡಿ. ಅಲ್ಲಿ ಆಯಿಲ್ ಜಿನುಗಿದ್ದರೆ ಸ್ವಿಚ್ಚಿನ ಒಳಪೊರೆ ಹರಿದಿದೆ. ಫಿಲ್ಟರ್ ಸೋರುತ್ತಿದೆ ಎಂದು ಗ್ಯಾರೇಜಿನವರು ಬದಲಿಸಿದ ಮೇಲೂ ತೊಟ್ಟಿಕ್ಕುವುದು ನಿಲ್ಲದಿದ್ದರೆ ಅನುಮಾನ ಇಲ್ಲಿಗೇ ಬರಲಿ.

ಎಂಜಿನ್ ಓಡುವಾಗಲೇ ದೀಪ ಉರಿಯುತ್ತಿದ್ದರೆ ಈ ಪರೀಕ್ಷೆಗಳು ಸಾಲವು. ಸ್ವಿಚ್ ಬಿಚ್ಚಿದ ರಂಧ್ರಕ್ಕೇ ಪ್ರೆಶರ್ ಗೇಜ್ ಹಾಕಿಸಿ ಅಳೆಯಿರಿ. ಎಂಜಿನ್ನಿನ ಪ್ರತಿ ಸಾವಿರ ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತು) ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಒತ್ತಡ ನಿಜವಾಗಿಯೂ ಕಡಿಮೆಯಿದ್ದರೆ ಹೊಸ ಸ್ವಿಚ್ ಹಾಕಿ ಏನೂ ಪ್ರಯೋಜನವಿಲ್ಲ.

ಬಿಚ್ಚುವ ಕೆಲಸ ಸುಲಭ. ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ಮೈನಸ್ ತೆಗೆಯಿರಿ. ಸುತ್ತಲಿನ ಮಣ್ಣನ್ನು ಬ್ರಶ್ಶಿನಿಂದ ತೆಗೆದು ಒರೆಸಿ. ಒಂದು ಹರಳು ರಂಧ್ರದೊಳಗೆ ಬಿದ್ದರೂ ಅದು ಹೋಗುವುದು ಆಯಿಲ್ ದಾರಿಗೆ. ಬಹಳಷ್ಟು ಜಪಾನಿ ಸ್ವಿಚ್ಚುಗಳಿಗೆ 24 ಎಂಎಂ ಉದ್ದನೆಯ ಬಾಕ್ಸ್ ಸ್ಪಾನರ್ ಹಿಡಿಯುತ್ತದೆ. ಆಯಿಲ್ ಖಾಲಿ ಮಾಡುವ ಅಗತ್ಯವಿಲ್ಲ, ಕೆಳಗೊಂದು ಹಳೆಬಟ್ಟೆ ಸಾಕು.

ಹಳೆಯದನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ. ನೋಡಲು ಒಂದೇ ಥರ ಇರುವ ಎರಡು ಥ್ರೆಡ್‌ಗಳಲ್ಲಿ ಒಂದಕ್ಕೆ ಇಂಚಿಗೆ 28 ಸುತ್ತು, ಇನ್ನೊಂದಕ್ಕೆ 27. ತಪ್ಪಾದುದು ಒಂದೆರಡು ಸುತ್ತು ಒಳಗೆ ಹೋಗಿ ಬಿಗಿಯುತ್ತದೆ, ಹಟ ಮಾಡಿದರೆ ಅಲ್ಯೂಮಿನಿಯಂ ಬ್ಲಾಕಿನ ಥ್ರೆಡ್ ಮುಗಿಯಿತು. ತುದಿ ಸಣ್ಣಗಾಗುತ್ತ ಹೋಗುವ ಥ್ರೆಡ್ ಇದ್ದರೆ, ಅದರ ಮೇಲೆ ಮೊದಲೇ ಸೀಲೆಂಟ್ ಹಚ್ಚಿರದಿದ್ದರೆ, ಬಿಗಿಯುವ ದಿಕ್ಕಿಗೇ ಎರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ. ಮೊದಲ ಥ್ರೆಡ್ ಬರಿದಾಗಿರಲಿ, ಹರಿದ ಟೇಪಿನ ಚೂರು ಎಂಜಿನ್ ಒಳಗೆ ಸೇರಬಾರದು. ತಾಮ್ರದ ವಾಷರ್ ಇರುವ ಸ್ವಿಚ್ಚಾದರೆ ಟೇಪ್ ಬೇಡ, ಹೊಸ ವಾಷರ್ ಹಾಕಿ.

ಮೊದಲು ಕೈಯಿಂದಲೇ ತಿರುಗಿಸಿ, ಆಮೇಲೆ ಸ್ಪಾನರ್. ನಿಮ್ಮ ಕಾರಿನ ಮ್ಯಾನುಯಲ್ ಹೇಳುವ ಬಿಗಿಗೆ ನಿಲ್ಲಿಸಿ. ಸುಜುಕಿಯ ಇಂಥ ಎಂಜಿನ್‌ಗಳಲ್ಲಿ ಅದು 14 ನ್ಯೂಟನ್ ಮೀಟರ್ ಆಸುಪಾಸು, ಎಂದರೆ ಮಣಿಕಟ್ಟಿನ ಬಲ, ತೋಳಿನದಲ್ಲ. ತಂತಿ, ಬ್ಯಾಟರಿ ಸೇರಿಸಿ ಚಾಲೂ ಮಾಡಿದ ಕೆಲವೇ ಸೆಕೆಂಡಿನಲ್ಲಿ ದೀಪ ಆರಬೇಕು. ಒಂದು ಸುತ್ತು ಓಡಿಸಿ ಬಂದು, ಸ್ವಿಚ್ಚಿನ ಬುಡಕ್ಕೆ ಒಣ ಕಾಗದ ಒತ್ತಿ ತೇವ ಇದೆಯೇ ನೋಡಿ.